ದಂಡ, ಜುಲ್ಮಾನೆ, ಮತ್ತೆ ದಂಡ ಕಟ್ಟದವರ ಸೆರೆ: ಪದ ಬೇಕಾಗಿದೆ

ಗೆಳೆಯರೆ,

ಒಂದು ತೀರ್ಪಿನ ಕೊನೆಯ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರೇ ಸಾಲು, ಎರಡು ದಿನದಿಂದ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಅಪರಾಧಿಗೆ 2 ವರ್ಷ ಜೈಲು, 10,000 ರೂಪಾಯಿ ದಂಡ, ದಂಡ ಕಟ್ಟದಿದ್ದರೆ ಮತ್ತೆ 3 ತಿಂಗಳು ಒಳಗೆ. ವಿಷಯ ಅಷ್ಟೇ. ನಾನು ಮೊದಲು ಬರೆದದ್ದು ಹೀಗೆ: "2 ವರ್ಷ ಜೈಲು ಶಿಕ್ಷೆ ಹಾಗೂ 10,000 ರೂಪಾಯಿ ದಂಡ, ತಪ್ಪಿದಲ್ಲಿ 3 ತಿಂಗಳ ಜೈಲು ಶಿಕ್ಷೆ." ಓದಿದ ಸ್ನೇಹಿತರೊಬ್ಬರು ಕೇಳಿದರು: "ಅಂದ್ರೆ ದುಡ್ಡು ಕಟ್ಟದಿದ್ರೆ ಎರಡು ವರ್ಷದ ಬದಲು ಮೂರೇ ತಿಂಗಳಾ? ಒಳ್ಳೇದೇ ಆಯ್ತಲ್ಲ!" ನಗು ಬಂತು. ಆದರೆ ತಪ್ಪು ಅವರದ್ದಲ್ಲ, ನನ್ನ ವಾಕ್ಯದ್ದು.

ಮೊದಲ ತೊಡಕು 'ದಂಡ' ಅನ್ನೋ ಪದವೇ. ಮೂಲದಲ್ಲಿ ಅದು ಕೋಲು. 'ದಂಡಂ ದಶಗುಣಂ' ಅನ್ನುವಾಗ ನಾವು ನೆನೆಯುವುದು ಬೆತ್ತವನ್ನೇ, ರಸೀದಿಯನ್ನಲ್ಲ. ಕೋಲಿನಿಂದ ಶಿಕ್ಷೆ ಅನ್ನುವ ಅರ್ಥ ಬಂತು, ಶಿಕ್ಷೆಯಿಂದ ತೆರಬೇಕಾದ ಹಣ ಅನ್ನುವ ಅರ್ಥ ಬಂತು. ಆಡುಮಾತಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸುಮ್ನೆ ಹಾಳಾದದ್ದೆಲ್ಲ ದಂಡ: ದುಡ್ಡು ದಂಡ, ಹೋಗಿದ್ದೇ ದಂಡ. ಈಗ 'ಭಾರತೀಯ ದಂಡ ಸಂಹಿತೆ' ಅನ್ನುವ ಹೆಸರು ನೋಡಿ. 1860ರ ಆ ಕಾನೂನಿಗೆ ನಾವು ಬಳಸುತ್ತಾ ಬಂದ ಈ ಹೆಸರಿನಲ್ಲಿ ದಂಡ ಎಂದರೆ ಶಿಕ್ಷೆ. ಅದರೊಳಗೆ ಮರಣದಂಡನೆಯೂ ಇತ್ತು, ಜೀವಾವಧಿಯೂ ಇತ್ತು, ಹಣ ಕಟ್ಟಿಸುವುದು ಪಟ್ಟಿಯ ಕೊನೆಯದು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆ ಹೆಸರಿನಿಂದ ದಂಡವನ್ನು ಕೈಬಿಟ್ಟಿತು. ಪದದ ಗೊಂದಲ ಮಾತ್ರ ಹಾಗೇ ಉಳಿಯಿತು.

ಇದಕ್ಕೇ ಇರಬೇಕು, ಕೋರ್ಟಿನ ಕನ್ನಡ 'ಜುಲ್ಮಾನೆ'ಯನ್ನು ಬಿಟ್ಟುಕೊಟ್ಟಿಲ್ಲ. ಪಾರಸಿಯ 'ಜುರ್ಮಾನಾ' ನಮ್ಮಲ್ಲಿ ರಕಾರ ಕಳೆದುಕೊಂಡು ಬಂದದ್ದು. 'ಜುರ್ಮ್' ಎಂದರೆ ಅಪರಾಧ. ಕಿವಿಗೆ ಜುಲುಮೆಯ ಹತ್ತಿರದ ನೆಂಟನ ಹಾಗೆ ಕೇಳಿಸುತ್ತದೆ, ಕಟ್ಟುವವರಿಗೆ ಹಾಗೆ ಅನ್ನಿಸಿದರೂ ತಪ್ಪೇನಿಲ್ಲ ಬಿಡಿ. ನನ್ನ ಮಟ್ಟಿಗೆ ಜುಲ್ಮಾನೆ ಹಳೇ ವಾಸನೆಯ ಪದವಾದರೂ ಕೆಲಸದ ಪದ. ತಡವಾಗಿ ಪುಸ್ತಕ ಹಿಂತಿರುಗಿಸಿದ್ದಕ್ಕೆ ಕಟ್ಟುವುದು ದಂಡ. ಅಪರಾಧ ಸಾಬೀತಾದ ಮೇಲೆ ನ್ಯಾಯಾಧೀಶರು ವಿಧಿಸುವುದು ಜುಲ್ಮಾನೆ. ಮೊದಲನೆಯದು ಕಟ್ಟಿದವರು ಅಪರಾಧಿಗಳಲ್ಲ. ಎರಡನೆಯದು 100 ರೂಪಾಯಿಯದೇ ಆದರೂ ಅದು ಶಿಕ್ಷೆಯೇ. ಈ ಗೆರೆ ಉಳಿಯಬೇಕು ಅಲ್ವಾ?

ಪರಿಹಾರದ ಜೊತೆಗೂ ಇದನ್ನು ಕಲಸಬಾರದು. ಜುಲ್ಮಾನೆ ಹೋಗುವುದು ಸರ್ಕಾರಕ್ಕೆ, ನೊಂದವರಿಗಲ್ಲ. ವಸೂಲಾದ ಹಣದಲ್ಲಿ ನೊಂದವರಿಗೆ ಪರಿಹಾರ ಕೊಡಿ ಎಂದು ಕೋರ್ಟ್ ಹೇಳಬಹುದು. ಆದರೆ ಅದನ್ನು ಬೇರೆಯಾಗಿ ಹೇಳಬೇಕು.

ಇನ್ನೊಂದು ಸಣ್ಣ ಕುತ್ತು ನಮ್ಮ 'ಊ' ಪ್ರತ್ಯಯದ್ದು. ಕಳ್ಳತನಕ್ಕೆ 3 ವರ್ಷದವರೆಗೆ ಜೈಲು, ಅಥವಾ ಜುಲ್ಮಾನೆ, ಅಥವಾ ಎರಡೂ. ಅಂದರೆ ಬರೀ ಹಣದಲ್ಲೂ ಮುಗಿಯಬಹುದು. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ, 'ಜುಲ್ಮಾನೆಗೂ ಗುರಿ'. ಆ 'ಗೂ' ಬಿದ್ದುಹೋದರೆ ಕೊಲೆ ಮಾಡಿದವನು ದುಡ್ಡು ಕಟ್ಟಿ ಮನೆಗೆ ಹೋಗಬಹುದು ಅನ್ನುವ ಅರ್ಥ ಬಂದೀತು. ಅಂಥ ಕರಡು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಈಗ ನನ್ನ ನಿಜವಾದ ಪ್ರಶ್ನೆ. ಜುಲ್ಮಾನೆ ಕಟ್ಟದಿದ್ದಾಗ ಆಗುವ ಜೈಲಿಗೆ ಏನನ್ನಬೇಕು?

'ಶಿಕ್ಷೆ' ಅನ್ನುವಂತಿಲ್ಲ. ಅದು ಶಿಕ್ಷೆಯಲ್ಲ, ಹಣ ಕಟ್ಟದ್ದಕ್ಕೆ ತಲೆಗೆ ಬರುವ ತೊಂದರೆ ಎಂದು 2007ರಲ್ಲಿ ಸುಪ್ರೀಂ ಕೋರ್ಟೇ ಬಿಡಿಸಿ ಹೇಳಿದೆ. ಅದರ ನಡವಳಿಕೆಯೂ ಶಿಕ್ಷೆಯ ಹಾಗಿಲ್ಲ. ಒಂದು, ಅದು ಮೂಲ ಶಿಕ್ಷೆಯ ಜೊತೆ ಒಟ್ಟಿಗೆ ಓಡುವುದಿಲ್ಲ, ಅದರ ಮೇಲೆ ಜಾಸ್ತಿಯಾಗಿ ಬರುತ್ತದೆ. ನನ್ನ ಸ್ನೇಹಿತರ ಪ್ರಶ್ನೆಗೆ ಉತ್ತರ ಅದೇ. ಎರಡು, ಹಣ ಕಟ್ಟಿದ ಗಳಿಗೆಗೆ ಅದು ಮುಗಿಯುತ್ತದೆ. ಸ್ವಲ್ಪ ಕಟ್ಟಿದರೆ ಸ್ವಲ್ಪ ಕರಗುತ್ತದೆ. ಹಳೇ ಸಂಹಿತೆ ಕೊಡುವ ಉದಾಹರಣೆ ಚೆನ್ನಾಗಿದೆ: 100 ರೂಪಾಯಿ ಜುಲ್ಮಾನೆ, ಕಟ್ಟದಿದ್ದರೆ 4 ತಿಂಗಳು. ಮೊದಲ ತಿಂಗಳು ಮುಗಿಯುವ ಮೊದಲೇ 75 ರೂಪಾಯಿ ಬಂದರೆ, ಆ ತಿಂಗಳು ಮುಗಿದ ಕೂಡಲೇ ಬಿಡುಗಡೆ. ಬಡ್ಡಿ ಲೆಕ್ಕದ ಹಾಗೆ ದಿನಗಳು ಹಣಕ್ಕೆ ಕಡಿತವಾಗುತ್ತವೆ. ಯಾವ ನಿಜವಾದ ಶಿಕ್ಷೆ ಹೀಗೆ ಕಡಿತವಾಗುತ್ತದೆ ಹೇಳಿ? ಹಾಗಂತ ಜೈಲಲ್ಲಿ ಕೂತರೆ ಹಣ ತಾನಾಗಿ ಮನ್ನಾ ಆಗುತ್ತದೆ ಅಂತಲೂ ಅಲ್ಲ. ಇಡೀ ಅವಧಿ ಕಳೆದವನಿಂದಲೂ, ವಿಶೇಷ ಕಾರಣ ಬರೆದು, ಕೋರ್ಟ್ ವಸೂಲಿ ಮಾಡಿಸಬಹುದು. ಸತ್ತರೂ ಆಸ್ತಿಯ ಮೇಲಿನ ಹೊರೆ ಹೋಗುವುದಿಲ್ಲ.

'ಸಜೆ' ಅಂದುಕೊಂಡೆ. ಅದೂ ಪಾರಸಿಯ ಶಿಕ್ಷೆಯೇ, ವೇಷ ಬೇರೆ. 'ಕಾರಾವಾಸ' ಸರಿಯಾಗುತ್ತದೆ, ಆದರೆ ಮೂಲ ಶಿಕ್ಷೆಗೂ ಅದನ್ನೇ ಬಳಸಿರುತ್ತೇವೆ. ಒಂದೇ ವಾಕ್ಯದಲ್ಲಿ ಎರಡು ಕಾರಾವಾಸ ಬಂದರೆ ಮತ್ತೆ ಅದೇ ಗಲಿಬಿಲಿ. ಕೊನೆಗೆ 'ಸೆರೆ'ಗೆ ಬಂದೆ. ಹಿಡಿದಿಡುವುದು ಅನ್ನುವುದಷ್ಟೇ ಅದರ ಅರ್ಥ, ತಪ್ಪಿಗೆ ಬೆಲೆ ಅನ್ನುವ ಧ್ವನಿ ಇಲ್ಲ. 'ಬಾಕಿ ಸೆರೆ' ಎಂದರೆ ಹೇಗೆ? "2 ವರ್ಷ ಕಾರಾವಾಸ, ಅದರ ಜೊತೆಗೆ 10,000 ರೂಪಾಯಿ ಜುಲ್ಮಾನೆ. ಜುಲ್ಮಾನೆ ಕಟ್ಟದಿದ್ದರೆ ಈ 2 ವರ್ಷದ ಮೇಲೆ ಇನ್ನೂ 3 ತಿಂಗಳ ಬಾಕಿ ಸೆರೆ." ಸ್ನೇಹಿತರಿಗೆ ಓದಿ ಹೇಳಿದೆ, ಈ ಸಲ ಎಡವಲಿಲ್ಲ. ಆದರೆ 'ಬಾಕಿ ಸೆರೆ' ಎಂದರೆ ಇನ್ನೂ ಅನುಭವಿಸಲು ಉಳಿದ ಸೆರೆ ಎಂದೂ ಕೇಳಿಸಬಹುದು ಅನ್ನುವ ಅಳುಕಿದೆ. 'ಜುಲ್ಮಾನೆ ಸೆರೆ' ಇನ್ನೊಂದು ದಾರಿ.

ಇದೇ ಕಡತದಲ್ಲಿ ಇನ್ನೊಂದು ಪದವೂ ಕಾದು ಕೂತಿದೆ. ಫಿನ್‌ಲ್ಯಾಂಡಿನಲ್ಲಿ 1921ರಿಂದ, ಜರ್ಮನಿಯಲ್ಲಿ 1975ರಿಂದ ಜುಲ್ಮಾನೆಯನ್ನು ದಿನಗಳಲ್ಲಿ ಹೇಳುತ್ತಾರೆ. ತಪ್ಪಿಗೆ ತಕ್ಕಂತೆ 30 ದಿನ ಎಂದು ಕೋರ್ಟ್ ಗೊತ್ತು ಮಾಡುತ್ತದೆ, ಒಂದು ದಿನಕ್ಕೆ ಎಷ್ಟು ಎಂಬುದು ಆಯಾ ವ್ಯಕ್ತಿಯ ಆದಾಯದ ಮೇಲೆ. ಒಂದೇ ತಪ್ಪಿಗೆ ಇಬ್ಬರಿಗೂ 30 ದಿನವೇ, ಕಟ್ಟುವ ಮೊತ್ತ ಮಾತ್ರ ಬೇರೆ. 'ದಿನದಂಡ' ಎಂದು ಬರೆದುಕೊಂಡಿದ್ದೆ. ಓದಿದವರಿಗೆ ಅದು ದಿನಾ ಕಟ್ಟುವ ದಂಡ ಎಂದೋ, ದಿನ ದಂಡವಾಯಿತು ಎಂದೋ ಕೇಳಿಸುತ್ತದಂತೆ! 'ದಿನಗಳಿಕೆ ಜುಲ್ಮಾನೆ' ಉದ್ದವಾಯಿತು, ಆದರೆ ದಾರಿ ತಪ್ಪಿಸುವುದಿಲ್ಲ.

'ಬಾಕಿ ಸೆರೆ', 'ಜುಲ್ಮಾನೆ ಸೆರೆ' ಇವೆರಡರಲ್ಲಿ ನಿಮಗೆ ಯಾವುದು ಒಪ್ಪುತ್ತದೆ? ಕೋರ್ಟಿನ ಕನ್ನಡ ದಿನಾ ಓದುವವರು ಯಾರಾದರೂ ಇದ್ದರೆ, ಅಲ್ಲಿ ಈಗಾಗಲೇ ಓಡಾಡುವ ಪದ ಯಾವುದು ತಿಳಿಸಿ.