ಭವಾನಿಸಾಗರ ಶಿಬಿರದ ಕುಟುಂಬಗಳಿಗಾಗಿ ಸಂಘ ಕಟ್ಟಬೇಕು, ಎಲ್ಲಿಂದ ಶುರು ಮಾಡೋದು?

ತಾಳವಾಡಿ ಮಗಳು:
ನಮಸ್ಕಾರ. ನಾವೆಲ್ಲ ತಾಳವಾಡಿ, ಚಾಮರಾಜನಗರ ಕಡೆಯ ಹೆಂಗಸರು. ಮದುವೆಯಾಗಿಯೋ ಮಿಲ್ ಕೆಲಸಕ್ಕೋ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಬಂದವರು. ಹೊಸದರಲ್ಲಿ ರೇಷನ್ ಕಾರ್ಡಿಗೆ, ಮಕ್ಕಳನ್ನು ಶಾಲೆಗೆ ಸೇರಿಸೋಕೆ ಎಷ್ಟು ಅಲೆದಿದ್ದೇವೆ ಅಂತ ನಮಗೇ ಗೊತ್ತು. ಭವಾನಿಸಾಗರ ಶಿಬಿರದ ಲಂಕಾ ತಮಿಳು ಹೆಂಗಸರು ಕೆಲವರು ನಮ್ಮ ಜೊತೆಯೇ ಕೆಲಸ ಮಾಡುತ್ತಾರೆ. 1983ರಲ್ಲಿ ಲಂಕಾದಲ್ಲಿ ತಮಿಳರ ಮೇಲೆ ಗಲಭೆ ಆದಮೇಲೆ ಬೇರೆ ಬೇರೆ ವರ್ಷ ದೋಣಿ ಹತ್ತಿ ಬಂದ ಮನೆತನಗಳು, ಈಗ ಮೊಮ್ಮಕ್ಕಳೂ ಇಲ್ಲೇ ಹುಟ್ಟಿದ್ದಾರೆ, ಆದರೂ ನಿರಾಶ್ರಿತರು ಅನ್ನೋ ಹಣೆಪಟ್ಟಿ ಹೋಗಿಲ್ಲ. ಅವರಿಗೆ ನೆರವಾಗಲು ಒಂದು ಸಂಘ ಮಾಡಬೇಕು ಅಂತಿದ್ದೇವೆ. ನೋಂದಣಿ ಬೇಕಾ? ಮೊದಲು ಬಟ್ಟೆ, ಅಕ್ಕಿ ಹಂಚೋದಾ?

ಹೊಸೂರಿನವಳು:
ನೋಂದಣಿ ಮಾಡಿಸಿ ಅಕ್ಕ. ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆ 1975ರದ್ದು, 7 ಜನ ಇದ್ದರೆ ಸಾಕು. ದುಡ್ಡು ಸಂಘದ ಖಾತೆಯಲ್ಲೇ ಇರಲಿ, ಯಾರದೋ ಸ್ವಂತ ಖಾತೆಗೆ ಹಾಕಬೇಡಿ. ಹೊರದೇಶದ ನೆಂಟರು ಕಳಿಸ್ತೀವಿ ಅಂದರೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ್ದಾದರೆ, ಬ್ಯಾಂಕ್ ಮೂಲಕ ಸ್ವಂತ ಉಳಿತಾಯ ಕಳಿಸಿದರೆ ತೊಂದರೆಯಿಲ್ಲ. ಬೇರೆ ದೇಶದ ಪೌರರಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯೂ ತಗೋಬೇಡಿ.

ಈರೋಡ್ ಮೇಷ್ಟ್ರು:
ಬಟ್ಟೆ ಹಂಚೋದು ಬೇಡಮ್ಮ. ಸರ್ಕಾರ ಅಕ್ಕಿ ಕೊಡುತ್ತದೆ, 2021ರಲ್ಲಿ ಮನೆಯ ಯಜಮಾನರಿಗೆ ತಿಂಗಳಿಗೆ 1,500 ರೂಪಾಯಿ ಮಾಡಿತು. ಅದು ಸಾಲದು ನಿಜ, ಆದರೆ ಅವರನ್ನು ಕಟ್ಟಿಹಾಕಿರೋದು ಕಾಗದ. 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಇಲ್ಲಿನ ಪೌರರು. ಶಿಬಿರದಲ್ಲಿ ಹುಟ್ಟಿದರೂ ಅಷ್ಟೇ. ಆದರೆ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಅದನ್ನು ತೋರಿಸೋದು ಹೇಗೆ? ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು, ಹಾಗಾಗಿ ಎಷ್ಟೋ ಮಕ್ಕಳು ಯಾವ ದೇಶಕ್ಕೂ ಸೇರದೆ ಉಳಿದಿದ್ದಾರೆ. ಲಂಕಾ ಪೌರತ್ವ ಬೇಕು ಅನ್ನುವವರು ಚೆನ್ನೈನಲ್ಲಿರುವ ಅವರ ಉಪ ಹೈಕಮಿಷನ್‌ನಲ್ಲಿ ಜನನ ದಾಖಲಿಸಬೇಕು. ಈಳದ, ಅಂದರೆ ಲಂಕಾ ತಮಿಳು, ನಿರಾಶ್ರಿತರೇ 1984ರಲ್ಲಿ ಕಟ್ಟಿದ ‘ಆಫರ್’ ಸಂಸ್ಥೆ ಈ ಕೆಲಸ ಮಾಡಿಕೊಂಡು ಬಂದಿದೆ, ಮೊದಲು ಅವರನ್ನು ಕಾಣಿ. ಫಾರಂ ತುಂಬಿಸಿಕೊಡಿ, ಕಚೇರಿಗೆ ಜೊತೆಗೆ ಹೋಗಿ, ಬಸ್ ಚಾರ್ಜು ಕೊಡಿ.

ಗಡಿನಾಡ ಕನ್ನಡತಿ:
ಸುಮ್ನೆ ಶಿಬಿರದೊಳಗೆ ಹೋಗಬೇಡಿ, ಅಧಿಕಾರಿಗಳ ಅನುಮತಿ ತಗೊಳ್ಳಿ. ಅಲ್ಲಿನ ಮಹಿಳಾ ಸ್ವಸಹಾಯ ಗುಂಪುಗಳ ಜೊತೆ ಕೂತು ಮಾತಾಡಿ. ಏನು ಬೇಕು ಅಂತ ಅವರೇ ಹೇಳಬೇಕು, ಅಲ್ವಾ?

ತಾಳವಾಡಿ ಮಗಳು:
ತುಂಬಾ ಉಪಕಾರ ಆಯಿತು. ಬಟ್ಟೆ ವಿಚಾರ ಕೈಬಿಟ್ಟೆವು. ಮೇಷ್ಟ್ರೇ, ಜನನ ಪ್ರಮಾಣಪತ್ರ ಇಲ್ಲದವರಿಗೆ ಶಾಲೆಯ ಟಿಸಿ, ಹೆರಿಗೆ ಆಸ್ಪತ್ರೆಯ ದಾಖಲೆ ನಡೆಯುತ್ತದಾ? ಗೊತ್ತಿರೋ ವಕೀಲರಿದ್ದರೆ ಕೇಳಿ ಹೇಳಿ.