ಅತ್ತೆ, ಸ್ಕಾಟ್‌ಲೆಂಡಿನಲ್ಲಿ ನಿಮಗೂ ಒಳ್ಳೆ ಊಟ ಇದೆ

ಅತ್ತೆ, ನಿನ್ನೆ ನೀವು ಗ್ರೂಪಿನಲ್ಲಿ ಹಾಕಿದ ಮೆಸೇಜು ಈಗ ನೋಡಿದೆ. ಜೂನ್‌ನಲ್ಲಿ ನೀವು, ಮಾವ, ಭಾವ, ಅಕ್ಕ, ಪುಟ್ಟಿ ಎಲ್ಲರೂ ಎಡಿನ್‌ಬರಾಗೆ ಬರುತ್ತಿದ್ದೀರಿ ಅಂತ ಓದಿ ತುಂಬಾ ಖುಷಿ ಆಯಿತು. ಆದರೆ ಅದರ ಕೆಳಗೇ, "ಅಲ್ಲಿ ಕುರಿ ಹೊಟ್ಟೆಯೊಳಗೆ ಏನೇನೋ ತುಂಬಿ ಬೇಯಿಸಿ ಕೊಡುತ್ತಾರಂತೆ, ನಾನು ಬ್ರೆಡ್ಡು ಹಣ್ಣು ತಿಂದುಕೊಂಡು ಇರುತ್ತೇನೆ, ಇಲ್ಲ ಅಂದ್ರೆ ಇಂಡಿಯನ್ ಹೋಟೆಲಿನ ಪಕ್ಕದಲ್ಲೇ ರೂಮ್ ನೋಡು" ಅಂತ ಬರೆದಿದ್ದೀರಿ. ಹಾಗೆ ಮಾಡಬೇಡಿ ಅತ್ತೆ. ಇಷ್ಟು ದೂರ ಬಂದು ಪನೀರ್ ಬಟರ್ ಮಸಾಲಾ ತಿಂದು ಹೋದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ನೀವು ಮಾಂಸ ಮುಟ್ಟಲ್ಲ, ಗೊತ್ತು. ಮಾವ ಕುಂದಾಪುರದವರು, ಮೀನು ಇದ್ದರೆ ಬೇರೇನೂ ಕೇಳಲ್ಲ. ಭಾವ ಕೋಳಿ ಕುರಿ ತಿನ್ನುತ್ತಾರೆ, ದನದ ಮಾಂಸ ಬೇಡ. ಮೂವರಿಗೂ ಇಲ್ಲಿನ ಊಟದಲ್ಲೇ ದಾರಿ ಇದೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಓದಿ.

ಮೊದಲು ಆ ಕುರಿ ಹೊಟ್ಟೆ ವಿಷಯ ಮುಗಿಸಿಬಿಡುತ್ತೇನೆ. ಅದರ ಹೆಸರು ಹ್ಯಾಗಿಸ್. ಕುರಿಯ ಹೃದಯ, ಲಿವರ್, ಶ್ವಾಸಕೋಶ ಮೂರನ್ನೂ ಬೇಯಿಸಿ ಸಣ್ಣಗೆ ಕೊಚ್ಚಿ, ಈರುಳ್ಳಿ, ಓಟ್ಸ್, ಕೊಬ್ಬು, ಉಪ್ಪು, ಮೆಣಸು ಹಾಕಿ ಕಲಸಿ, ಕುರಿಯ ಜಠರದ ಚೀಲದಲ್ಲಿ ತುಂಬಿ ಮತ್ತೆ ಬೇಯಿಸುವುದು ಹಳೆಯ ಪದ್ಧತಿ. ಈಗ ಬಹಳಷ್ಟು ಕಡೆ ಆ ಚೀಲವೂ ಇಲ್ಲ, ಸಾಸೇಜಿಗೆ ಹಾಕುವಂಥ ಬೇರೆ ಕವಚ ಇರುತ್ತದೆ. ಹೋಟೆಲಿನಲ್ಲಿ ತಟ್ಟೆಗೆ ಬರುವಾಗ ಅದನ್ನೂ ತೆಗೆದಿರುತ್ತಾರೆ. ಭಾವ, ನೀವು ಆ ವಾಂತಿ ಇಮೋಜಿ ಹಾಕಿದಿರಲ್ಲ, ಮಿಲಿಟರಿ ಹೋಟೆಲಿಗೆ ಹೋದಾಗ ಬೋಟಿ ಗೊಜ್ಜು, ಲಿವರ್ ಫ್ರೈ ಇಷ್ಟಪಟ್ಟು ತಿನ್ನುತ್ತೀರಿ ಅಲ್ವಾ? ಇದೂ ಅದೇ. ಕುರಿ ಕೊಯ್ದ ಮನೆಯಲ್ಲಿ ಬೇಗ ಕೆಡುವ ಭಾಗ ಇವು. ಅವತ್ತೇ ಬೇಯಿಸಬೇಕು, ಒಂದು ಚೂರೂ ಎಸೆಯಬಾರದು. ಇಲ್ಲಿನ ಚಳಿ ಮಳೆಗೆ ಗೋಧಿಗಿಂತ ಓಟ್ಸ್ ಚೆನ್ನಾಗಿ ಬೆಳೆಯುತ್ತದೆ, ಮನೆಯಲ್ಲಿ ಯಾವಾಗಲೂ ಇರುತ್ತಿದ್ದದ್ದು ಅದೇ, ಹಾಗಾಗಿ ಅದನ್ನೇ ಹಾಕಿ ಸ್ವಲ್ಪ ಮಾಂಸವನ್ನು ಇಡೀ ಮನೆಗೆ ಸಾಲುವ ಹಾಗೆ ಮಾಡಿದರು. ಬಡವರು ತಲೆ ಓಡಿಸಿ ಮಾಡಿದ ಅಡುಗೆ ಇದು. ನನಗೆ ಅದರ ಮೇಲೆ ತುಂಬಾ ಗೌರವ ಇದೆ.

ರುಚಿ ಹೇಗೆ ಅಂತ ಕೇಳಿದರೆ, ಪುಡಿಪುಡಿಯಾಗಿ, ಮೆತ್ತಗೆ, ಮೆಣಸಿನ ಖಾರ ಗಂಟಲಿಗೆ ಹಿತವಾಗಿ ತಾಗುತ್ತದೆ. ಅದರ ಜೊತೆ ನೀಪ್ಸ್ ಮತ್ತು ಟ್ಯಾಟೀಸ್ ಬರುತ್ತದೆ. ಟ್ಯಾಟೀಸ್ ಅಂದರೆ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ನೀಪ್ಸ್ ಅನ್ನುವುದು ಒಂದು ಗೆಡ್ಡೆ, ಒಳಗೆ ಹಳದಿ ಬಣ್ಣ, ಸ್ವಲ್ಪ ಸಿಹಿ, ಕೊನೆಯಲ್ಲಿ ಚೂರು ಕಹಿ. ಅದನ್ನೂ ಬೆಣ್ಣೆ ಮೆಣಸು ಹಾಕಿ ಹಿಸುಕುತ್ತಾರೆ. ಕೆಲವು ಕಡೆ ಮೂರನ್ನೂ ಒಂದರ ಮೇಲೊಂದು ಗೋಪುರದ ಹಾಗೆ ಇಟ್ಟು, ಸುತ್ತ ವಿಸ್ಕಿ ಹಾಕಿದ ಕ್ರೀಮ್ ಸಾಸ್ ಸುರಿದು ಕೊಡುತ್ತಾರೆ. ಆ ಸಾಸ್ ಬೇಡ ಅಂದರೆ ಬೇರೆ ಬಟ್ಟಲಲ್ಲಿ ಕೊಡುತ್ತಾರೆ ಅಥವಾ ಬಿಟ್ಟೇ ಬಿಡುತ್ತಾರೆ. ಎಡಿನ್‌ಬರಾದ ಸಾಧಾರಣ ಪಬ್ಬಿನಲ್ಲಿ ಈ ತಟ್ಟೆಗೆ 15 ಪೌಂಡಿನ ಆಸುಪಾಸು ಇಟ್ಟುಕೊಳ್ಳಿ.

ಈಗ ಅತ್ತೆ, ನಿಮ್ಮ ವಿಷಯ. ಇಲ್ಲಿ ವೆಜಿಟೇರಿಯನ್ ಹ್ಯಾಗಿಸ್ ಅಂತಲೇ ಇದೆ, ಅದೂ ಎಲ್ಲೋ ಒಂದು ಕಡೆ ಅಲ್ಲ, ಸ್ಕಾಟಿಷ್ ಊಟ ಕೊಡುವ ಹೋಟೆಲುಗಳ ಮೆನುವಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಅದು ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ರಾಬರ್ಟ್ ಬರ್ನ್ಸ್ ಅಂತ ಇವರ ದೊಡ್ಡ ಕವಿ, 1759ರ ಜನವರಿ 25ಕ್ಕೆ ಹುಟ್ಟಿದವರು. ಅವರು 1786ರಲ್ಲಿ ಹ್ಯಾಗಿಸ್ ಅನ್ನೇ ಹೊಗಳಿ ಒಂದು ಪದ್ಯ ಬರೆದರು. ಇವತ್ತಿಗೂ ಪ್ರತಿ ಜನವರಿ 25ರ ರಾತ್ರಿ ಬರ್ನ್ಸ್ ಸಪ್ಪರ್ ಅಂತ ಮಾಡುತ್ತಾರೆ. ಬ್ಯಾಗ್‌ಪೈಪ್ ಊದುತ್ತಾ ಹ್ಯಾಗಿಸ್ ಅನ್ನು ಮೆರವಣಿಗೆಯಲ್ಲಿ ತಂದು, ಮೇಜಿನ ಮೇಲಿಟ್ಟು, ಒಬ್ಬರು ಎದ್ದು ನಿಂತು ಆ ಪದ್ಯ ಹೇಳುತ್ತಾ ನಡುವೆ ಚಾಕುವಿನಿಂದ ಅದನ್ನು ಸೀಳುತ್ತಾರೆ. ಒಬ್ಬ ಕವಿಯ ಹುಟ್ಟುಹಬ್ಬವನ್ನು ಊರಿಗೆ ಊರೇ ಊಟ ಮಾಡಿ ಆಚರಿಸುವುದು, ನೋಡಲಿಕ್ಕೆ ಎಷ್ಟು ಚಂದ ಗೊತ್ತಾ! 1984ರಲ್ಲಿ ಎಡಿನ್‌ಬರಾದಲ್ಲಿ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಶುರುವಾಯಿತು. ಅದರ ಸಮಾರಂಭಕ್ಕೆ ಮಾಂಸ ತಿನ್ನದವರಿಗೂ ಹ್ಯಾಗಿಸ್ ಇರಲಿ ಅಂತ ಮ್ಯಾಕ್‌ಸ್ವೀನ್ ಅನ್ನುವ ಮನೆತನದವರು, ಮಾಂಸದ ಅಂಗಡಿ ನಡೆಸುತ್ತಿದ್ದವರು, ವೆಜಿಟೇರಿಯನ್ ಹ್ಯಾಗಿಸ್ ಮಾಡಿಕೊಟ್ಟರು. ಓಟ್ಸ್, ಬೇಳೆ, ರಾಜ್ಮಾ, ಕ್ಯಾರೆಟ್, ಅಣಬೆ, ಕುಂಬಳ ಮತ್ತು ಸೂರ್ಯಕಾಂತಿ ಬೀಜ, ಅದೇ ಮೆಣಸು ಮಸಾಲೆ. ಹಾಲು ಮೊಟ್ಟೆ ಕೂಡ ಇಲ್ಲ. ಆಗ ಮಾಡಿದ್ದು ಇವತ್ತು ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಅಂದರೆ ನಿಮ್ಮಂಥವರನ್ನು ನೆನೆಸಿಕೊಂಡೇ ಮಾಡಿದ ಅಡುಗೆ ಅದು. ಒಂದು ಸಲ ತಿನ್ನಿ ಅತ್ತೆ, ಚಟ್ನಿಪುಡಿ ಡಬ್ಬ ತನ್ನಿ ಬೇಕಾದರೆ, ಆದರೆ ಮೊದಲ ತುತ್ತು ಅದನ್ನು ಉದುರಿಸದೆ ತಿನ್ನಿ.

ಆದರೆ ಕೆಲವು ಕಡೆ ಎಚ್ಚರ ಬೇಕು. ಇದನ್ನು ಗಮನ ಇಟ್ಟು ಓದಿ, ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಲೆಂಟಿಲ್ ಸೂಪ್ ಅಂತ ಮೆನುವಿನಲ್ಲಿ ಕಂಡ ತಕ್ಷಣ ನಮ್ಮವರಿಗೆ ಸಮಾಧಾನ ಆಗಿಬಿಡುತ್ತದೆ, ಬೇಳೆ ತಾನೇ ಅಂತ. ಸ್ಕಾಟ್‌ಲೆಂಡಿನ ಹಳೆ ಪದ್ಧತಿಯಲ್ಲಿ ಆ ಸೂಪನ್ನು ಹಂದಿ ಕಾಲಿನ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ನೋಡಲಿಕ್ಕೆ ಒಂದು ಚೂರೂ ಮಾಂಸ ಕಾಣಲ್ಲ. ಬೆಂಗಳೂರಿನಿಂದ ಬಂದ ಗೆಳೆಯರೊಬ್ಬರ ತಾಯಿ ಒಂದು ಕಡೆ ಅರ್ಧ ಬಟ್ಟಲು ಕುಡಿದ ಮೇಲೆ ಇದು ಗೊತ್ತಾಯಿತು, ಪಾಪ ಅವತ್ತು ಅವರಿಗೆ ಆಮೇಲೆ ಏನೂ ಸೇರಲಿಲ್ಲ. ಹಾಗಾಗಿ ಸೂಪ್ ಯಾವುದೇ ಇರಲಿ, ಯಾವ ಸ್ಟಾಕ್, ಅಂದರೆ ಏನು ಬೇಯಿಸಿದ ನೀರು ಹಾಕಿದ್ದಾರೆ ಅಂತ ಕೇಳಲೇಬೇಕು. ಸ್ಕಾಚ್ ಬ್ರಾತ್ ಅನ್ನುವುದರಲ್ಲಿ ಬಾರ್ಲಿ, ಬಟಾಣಿ, ತರಕಾರಿ ಜಾಸ್ತಿ ಕಾಣುತ್ತದೆ, ಆದರೆ ಅದು ಕುರಿ ಮಾಂಸದ ಸೂಪು. ಕಾಕ್-ಎ-ಲೀಕಿ ಕೋಳಿಯದು.

ಇನ್ನೊಂದು ಸೂಯೆಟ್. ದನದ ಅಥವಾ ಕುರಿಯ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು ಅದು. ಕ್ಲೂಟಿ ಡಂಪ್ಲಿಂಗ್ ಅಂತ ಒಂದು ಸಿಹಿ ಇದೆ, ದ್ರಾಕ್ಷಿ, ಹಿಟ್ಟು, ಸಕ್ಕರೆ, ಚಕ್ಕೆಪುಡಿ ಎಲ್ಲಾ ಕಲಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಗಂಟೆಗಟ್ಟಲೆ ಬೇಯಿಸುವುದು. ಸಿಹಿ ತಾನೇ ಅಂದುಕೊಳ್ಳಬೇಡಿ, ಅದಕ್ಕೂ ಸೂಯೆಟ್ ಹಾಕುತ್ತಾರೆ. ಕೆಲವರು ಸಸ್ಯಜನ್ಯ ಕೊಬ್ಬು ಬಳಸುತ್ತಾರೆ, ಕೇಳಬೇಕು. ಸ್ಕರ್ಲಿ ಅಂದರೆ ಈರುಳ್ಳಿ ಜೊತೆ ಹುರಿದ ಓಟ್ಸ್, ಅದನ್ನೂ ಹಳಬರು ಮಾಂಸದ ಕೊಬ್ಬಿನಲ್ಲೇ ಹುರಿಯುತ್ತಾರೆ. ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಕೆಲವು ಕಡೆ ಆಲೂಗಡ್ಡೆ ಚಿಪ್ಸನ್ನು ಕರಿಯುವುದೇ ದನದ ಕೊಬ್ಬಿನಲ್ಲಿ.

ಭಾವ, ಇದು ನಿಮಗೂ ಮುಖ್ಯ. ಹ್ಯಾಗಿಸ್ ಕುರಿಯದು ಅಂತ ಹೇಳಿದೆ, ಆದರೆ ಕಂಪನಿಗಳು ಮಾಡುವ ಹ್ಯಾಗಿಸ್‌ನಲ್ಲಿ ಕೊಬ್ಬು ದನದ್ದು ಇರುವುದು ಉಂಟು. ಬರೀ ಕುರಿಯದಾ ಅಂತ ಕೇಳಿಯೇ ತೆಗೆದುಕೊಳ್ಳಿ. ಬೆಳಗಿನ ತಿಂಡಿಯಲ್ಲಿ ಚೌಕಾಕಾರದ ಲಾರ್ನ್ ಸಾಸೇಜ್ ಬರುತ್ತದೆ, ಅದು ಸಾಮಾನ್ಯವಾಗಿ ದನದ ಮಾಂಸ. ಬ್ಲ್ಯಾಕ್ ಪುಡಿಂಗ್ ರಕ್ತದಿಂದ ಮಾಡುವುದು, ಬಹಳ ಸಲ ಹಂದಿಯದು. ಸ್ಟೋವೀಸ್ ಅನ್ನುವ ಆಲೂಗಡ್ಡೆ ಪಲ್ಯದಂಥದ್ದರಲ್ಲೂ ದನದ ಮಾಂಸವೇ ಜಾಸ್ತಿ.

ಕೇಳಲಿಕ್ಕೆ ಸಂಕೋಚ ಮಾಡಬೇಡಿ. ಇಲ್ಲಿ ಕಾನೂನು ಪ್ರಕಾರ 14 ಅಲರ್ಜಿ ಪದಾರ್ಥಗಳ ವಿವರ ಹೋಟೆಲಿನವರು ಕೊಡಲೇಬೇಕು. ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಮಾಂಸದ ಸ್ಟಾಕು, ಸೂಯೆಟ್ಟು ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿ ನೋಡಿ ಸುಮ್ನೆ ಕೂತರೆ ನಿಮಗೆ ಬೇಕಾದದ್ದು ಗೊತ್ತಾಗುವುದಿಲ್ಲ, ಬಾಯಿ ಬಿಟ್ಟು ಕೇಳಬೇಕು. ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು ಹೇಳುತ್ತಾರೆ, ಮುಖ ಸಿಂಡರಿಸಲ್ಲ. ಮೆನುವಿನಲ್ಲಿ ವೀಗನ್ ಅಂತ ಗುರುತು ಇದ್ದರೆ ನಿಮಗೆ ಇನ್ನೂ ನಿಶ್ಚಿಂತೆ, ಯಾಕೆಂದರೆ ಬರೀ ವೆಜಿಟೇರಿಯನ್ ಅಂದರೆ ಇಲ್ಲಿ ಮೊಟ್ಟೆ ಸೇರಿರಬಹುದು. ಕರಿದದ್ದಾದರೆ ಎಣ್ಣೆ ಬೇರೆಯದಾ ಅಂತ ಒಂದು ಮಾತು ಕೇಳಿ.

ಮಾವ, ನಿಮಗೆ ಈ ದೇಶ ಇಷ್ಟ ಆಗದೇ ಇರಲು ಸಾಧ್ಯವೇ ಇಲ್ಲ. ಮೂರು ಕಡೆ ಸಮುದ್ರ. ಕಲನ್ ಸ್ಕಿಂಕ್ ಅಂತ ಒಂದು ಸೂಪು, ಈಶಾನ್ಯ ಕರಾವಳಿಯ ಕಲನ್ ಅನ್ನುವ ಮೀನುಗಾರರ ಊರಿನದು. ಹೊಗೆ ಹಿಡಿಸಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು, ಅಷ್ಟೇ. ಮೀನಿಗೆ ಹಾಲು ಹಾಕುತ್ತಾರಾ ಅಂತ ನಿಮಗೆ ಅನ್ನಿಸಬಹುದು. ಹುಳಿ ಇಲ್ಲ, ಮೆಣಸಿನಕಾಯಿ ಇಲ್ಲ, ತೆಂಗಿನಕಾಯಿ ಇಲ್ಲ. ಆದರೂ ಮಳೆ ಬಂದ ದಿನ ಬಿಸಿಬಿಸಿಯಾಗಿ ಒಂದು ಬಟ್ಟಲು ಕುಡಿದರೆ ಮೈಯೆಲ್ಲ ಬೆಚ್ಚಗಾಗುತ್ತದೆ, ಆ ಹೊಗೆಯ ಘಮ ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಆಮೇಲೆ ಆರ್ಬ್ರೋತ್ ಸ್ಮೋಕಿ. ಹ್ಯಾಡಕ್ ಮೀನನ್ನು ಉಪ್ಪು ಹಚ್ಚಿ, ಎರಡೆರಡನ್ನು ಬಾಲಕ್ಕೆ ದಾರ ಕಟ್ಟಿ ಜೋಡಿ ಮಾಡಿ, ಕೋಲಿಗೆ ನೇತುಹಾಕಿ, ಗಟ್ಟಿ ಮರದ ಬೆಂಕಿಯ ಮೇಲೆ ಹೊಗೆಯಲ್ಲೇ ಬೇಯಿಸುತ್ತಾರೆ. ಆರ್ಬ್ರೋತ್ ಊರಿನಿಂದ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು ಇಡಬಹುದು, 2004ರಲ್ಲಿ ಆ ಹೆಸರಿಗೆ ಯುರೋಪಿಯನ್ ಒಕ್ಕೂಟದ ಕಾನೂನು ರಕ್ಷಣೆಯೂ ಸಿಕ್ಕಿತು. ಬೆಣ್ಣೆ ಹಾಕಿ ಬಿಸಿ ಮಾಡಿಕೊಡುತ್ತಾರೆ, ಮುಳ್ಳು ಬಿಡಿಸುತ್ತಾ ಕೈಯಲ್ಲೇ ತಿನ್ನಿ, ಯಾರೂ ಏನೂ ಅನ್ನಲ್ಲ. ಉಪ್ಪು ಸ್ವಲ್ಪ ಜಾಸ್ತಿ ಇರುತ್ತದೆ, ನಿಮ್ಮ ಬಿಪಿ ನೆನಪಿರಲಿ.

ಅತ್ತೆಗೆ ಇನ್ನೂ ಇದೆ. ರಂಬಲ್‌ಡಿಥಂಪ್ಸ್ ಅಂತ ದಕ್ಷಿಣದ ಗಡಿ ಜಿಲ್ಲೆಗಳ ಅಡುಗೆ, ಆಲೂಗಡ್ಡೆ, ಎಲೆಕೋಸು, ಈರುಳ್ಳಿ ಬೆಣ್ಣೆಯಲ್ಲಿ ಕಲಸಿ ಮೇಲೆ ಚೀಸ್ ಹಾಕಿ ಓವನ್ನಿನಲ್ಲಿ ಕೆಂಪಗೆ ಮಾಡಿದ್ದು. ಓಟ್‌ಕೇಕ್, ಅಂದರೆ ಓಟ್ಸಿನ ಬಿಸ್ಕತ್ತಿನಂಥದ್ದು, ಅದರ ಮೇಲೆ ಕ್ರೌಡಿ ಅನ್ನುವ ಮೆತ್ತನೆ ಚೀಸ್. ಬೆಳಿಗ್ಗೆ ಟ್ಯಾಟಿ ಸ್ಕೋನ್, ಅಂದರೆ ಆಲೂಗಡ್ಡೆ, ಹಿಟ್ಟು, ಬೆಣ್ಣೆ ಕಲಸಿ ಕಾವಲಿ ಮೇಲೆ ಸುಟ್ಟದ್ದು, ಬೇಕನ್ ಅನ್ನುವ ಹಂದಿ ಮಾಂಸ ಸುಟ್ಟ ಕಾವಲಿಯಲ್ಲಿ ಬೇಡ ಅಂತ ಹೇಳಿಬಿಡಿ. ಪಾರಿಜ್, ಅಂದರೆ ಓಟ್ಸ್ ಗಂಜಿಯನ್ನು ಇಲ್ಲಿನ ಹಿರಿಯರು ಉಪ್ಪು ಹಾಕಿ ತಿನ್ನುತ್ತಾರೆ, ನಿಮಗೂ ಅದೇ ಹಿಡಿಸಬಹುದು. ಪುಟ್ಟಿಗೆ ಟ್ಯಾಬ್ಲೆಟ್ ಕೊಡಿಸುತ್ತೇನೆ, ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಕಾಯಿಸಿ ಗಟ್ಟಿ ಮಾಡಿ ತುಂಡು ಹಾಕಿದ್ದು, ಒಂದೇ ತುಂಡು ಸಾಕು, ಅಷ್ಟು ಸಿಹಿ. ಕೊನೆಗೆ ಕ್ರಾನಖನ್. ಹುರಿದ ಓಟ್ಸ್, ಜೇನು, ಕಡೆದ ಕ್ರೀಮ್, ರಾಸ್‌ಬೆರಿ ಹಣ್ಣು. ಜೂನ್ ಕೊನೆಗೆ ಇಲ್ಲಿನ ರಾಸ್‌ಬೆರಿ ಬರಲು ಶುರುವಾಗುತ್ತದೆ, ಪರ್ತ್‌ಶೈರ್ ಕಡೆಯದು, ಆ ಹುಳಿಸಿಹಿ ನಾನು ಬೇರೆ ಯಾವ ಹಣ್ಣಿನಲ್ಲೂ ಕಂಡಿಲ್ಲ. ಆದರೆ ಅದಕ್ಕೆ ವಿಸ್ಕಿ ಹಾಕುತ್ತಾರೆ, ಬೇಯಿಸುವುದಿಲ್ಲವಾದ್ದರಿಂದ ಅದು ಹಾಗೇ ಉಳಿಯುತ್ತದೆ. ಮೊದಲೇ ಕಲಸಿ ಇಟ್ಟಿದ್ದರೆ ತೆಗೆಯಲಾಗದು, ಅದಕ್ಕೇ ಬುಕ್ ಮಾಡುವಾಗಲೇ ಹೇಳಬೇಕು.

ಎಲ್ಲಿ ತಿನ್ನುವುದು ಅಂತ ಅಕ್ಕ ಕೇಳಿದ್ದರು. ರಾಯಲ್ ಮೈಲ್ ರಸ್ತೆ ನೋಡಲಿಕ್ಕೆ ಚಂದ, ಊಟಕ್ಕೆ ಅಲ್ಲಿಂದ ಸ್ವಲ್ಪ ಆಚೆ ನಡೆಯುವುದು ಒಳ್ಳೆಯದು. ಲೀತ್, ಸ್ಟಾಕ್‌ಬ್ರಿಜ್, ಬ್ರಂಟ್ಸ್‌ಫೀಲ್ಡ್ ಕಡೆ ಇಲ್ಲಿನ ಜನ ತಾವೇ ಹೋಗುವ ಜಾಗಗಳಿವೆ. ಒಂದು ದಿನ ಗ್ಲಾಸ್ಗೋಗೆ ಹೋಗೋಣ, ರೈಲಿನಲ್ಲಿ ಸುಮಾರು 50 ನಿಮಿಷ. ಅಲ್ಲಿ ಯೂಬಿಕ್ವಿಟಸ್ ಚಿಪ್ ಅಂತ 1971ರಲ್ಲಿ ಶುರುವಾದ ರೆಸ್ಟೋರೆಂಟ್ ಇದೆ. ಸ್ಕಾಟ್‌ಲೆಂಡಿನ ಮನೆ ಅಡುಗೆ ಹೋಟೆಲಿನ ತಟ್ಟೆಗೂ ಬರಬೇಕು ಅಂತ ಹಟ ಹಿಡಿದು ನಡೆಸಿದವರು. ದುಬಾರಿ, ಆದರೆ ಒಂದು ಸಲಕ್ಕೆ ಪರವಾಗಿಲ್ಲ. ಹೇಗಾದರೂ ಇಂಡಿಯನ್ ಹೋಟೆಲಿಗೇ ಹೋಗಬೇಕು ಅಂತಿದ್ದರೆ ಅಲ್ಲಿ ಹ್ಯಾಗಿಸ್ ಪಕೋಡಾ ಕೇಳಿ, ಎಷ್ಟೋ ಕಡೆ ಮಾಡುತ್ತಾರೆ, ಇಲ್ಲಿ ನೆಲೆಸಿದ ನಮ್ಮ ಕಡೆಯವರ ಕೈಯಲ್ಲಿ ಹುಟ್ಟಿದ ತಿಂಡಿ ಅದು.

ಒಂದು ಮುಖ್ಯವಾದ ಮಾತು. ಜೂನ್‌ನಲ್ಲಿ ಇಲ್ಲಿ ರಾತ್ರಿ 10 ಗಂಟೆ ತನಕ ಬೆಳಕು ಇರುತ್ತದೆ. ಇನ್ನೂ ಸಂಜೆ ಅಂದುಕೊಂಡು ತಿರುಗುತ್ತಾ ಇದ್ದರೆ ಊಟ ತಪ್ಪುತ್ತದೆ, ಬಹಳ ಕಡೆ ಅಡುಗೆಮನೆ 9ಕ್ಕೇ ಮುಚ್ಚುತ್ತದೆ, ಸಣ್ಣ ಊರುಗಳಲ್ಲಿ ಇನ್ನೂ ಬೇಗ. 7ಕ್ಕೆ ಕೂತುಬಿಡೋಣ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರು ಕೇಳಿ, ಮದ್ಯದ ಲೈಸೆನ್ಸ್ ಇರುವ ಜಾಗಗಳು ಅದನ್ನು ಪುಕ್ಕಟೆ ಕೊಡಲೇಬೇಕು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಮತ್ತೆ ಟಿಪ್ಸ್ ಬೇಕಿಲ್ಲ.

ತಾರೀಖು ಗಟ್ಟಿಯಾದ ತಕ್ಷಣ ಹೇಳಿ, ಟೇಬಲ್ ನಾನೇ ಬುಕ್ ಮಾಡುತ್ತೇನೆ, ಆರು ಜನ ಅಂದರೆ ಶನಿವಾರ ಭಾನುವಾರ ಹಾಗೇ ಹೋದರೆ ಜಾಗ ಸಿಗಲ್ಲ. ಯಾರಿಗೆ ಏನು ಬೇಡ ಅನ್ನುವುದನ್ನೂ ಆಗಲೇ ಬರೆದು ಕಳಿಸುತ್ತೇನೆ. ಅತ್ತೆ, ಒಂದೇ ಒಂದು ಹೇಳಿ, ಕೇಕಿನಲ್ಲಿ ಮೊಟ್ಟೆ ಇದ್ದರೆ ನಡೆಯುತ್ತದಾ ಇಲ್ಲವಾ?