ಅಪ್‌ಡೇಟ್: ‘ಅಬೌಟ್ ಟು’ ಗೊಂದಲ ಬಗೆಹರೀತು

ಹೋದ ವಾರ ಕೇಳಿದ್ದೆ, ‘ಬಸ್ ಇನ್ನೇನು ಬಿಡತೈತಿ’ ಅನ್ನಾಕ ಇಂಗ್ಲಿಷಿನಾಗ ‘ದ ಬಸ್ ಈಸ್ ಅಬೌಟ್ ಟು ಲೀವಿಂಗ್’ ಅಂದ್ರ ಸರಿ ಏನ್ರಿ ಅಂತ. ತಪ್ಪು. ‘ಟು’ ಆದಮ್ಯಾಲೆ ಮೂಲ ಕ್ರಿಯಾಪದ, ‘ಲೀವ್’. ನಡುವಿನ ‘ಈಸ್’ ಬಿಡೋ ಹಂಗಿಲ್ಲ.

ವಿಜಯಪುರದ ಸರ್ ಒಬ್ಬರು ಹೇಳಿದ ಉಪಾಯನ ಕೆಲಸಕ್ಕ ಬಂತು: ವಾಕ್ಯದಾಗ ‘ಇನ್ನೇನು’ ಕೂಡಿಸಿ ನೋಡ್ರಿ. ‘ಬಸ್ ಇನ್ನೇನು ಬಿಡತೈತಿ’ ಕೂಡತೈತಿ, ಅಲ್ಲಿ ‘ಅಬೌಟ್ ಟು’. ‘ಇನ್ನೇನು ನಾಳೆ ಬಿಡತೈತಿ’ ಕೂಡಂಗಿಲ್ಲ. ಹಿಂಗಾಗಿ ‘ಟುಮಾರೊ’ ಇದ್ರ ‘ಗೋಯಿಂಗ್ ಟು’. ಎಲ್ಲಾ ಕಡೆ ‘ಗೋಯಿಂಗ್ ಟು’ನ ಹಾಕ್ರಿ ಅಂತ ಬಂದಿದ್ದ ಸಲಹೆ ಮಾತ್ರ ನಡೀಲಿಲ್ಲ, ‘ಈಗಿಂದೀಗ’ ಅನ್ನೋ ಅರ್ಥನ ಹೋಗಿಬಿಡತೈತಿ. ‘ವಾಸ್ ಅಬೌಟ್ ಟು’ ಅಂದ್ರ ಮಾಡೋದ್ರಾಗಿದ್ದೆ, ಅಷ್ಟರಾಗ ಏನೋ ಅಡ್ಡ ಬಂತು.

ಬೆರಗಾದದ್ದು ಇದಕ್ಕ: ‘ಐ ಆ್ಯಮ್ ನಾಟ್ ಅಬೌಟ್ ಟು ಪೇ’ ಅಂದ್ರ ‘ಈಗ ಕೊಡಂಗಿಲ್ಲ’ ಅಲ್ಲ, ‘ಕೊಡೋ ಮಾತ ಇಲ್ಲ’! ಆಫೀಸ್ ಪತ್ರದಾಗ ಹುಷಾರ್ ರೀ.